ಬಿಟಿಎಸ್‌ನವರ 'ಸ್ಪ್ರಿಂಗ್ ಡೇ'ಗೆ ಕನ್ನಡ ಸಬ್‌ಟೈಟಲ್: ಮೊದಲನೇ ಸಾಲಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ, ಸಹಾಯ ಮಾಡಿ

ಡಿಟಿಪಿ_ಅಕ್ಕ, ಸಾಗರ

ನಮಸ್ಕಾರ ಎಲ್ರಿಗೂ. ಸಾಗರದಲ್ಲಿ ನಂದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಸೊಸೈಟಿ ವಾರ್ಷಿಕ ವರದಿ, ಫ್ಲೆಕ್ಸು, ಬಂದಿದ್ದೆಲ್ಲ ಮಾಡ್ತೀನಿ. ಹದಿನೆಂಟು ವರ್ಷದಿಂದ ಕನ್ನಡ ಕುಟ್ಟಿಯೇ ಹೊಟ್ಟೆ ಹೊರೀತಿರೋದು. ಅದಕ್ಕೇ ಮಗಳು "ಅಮ್ಮಾ, ನಿಂಗಿದು ಒಂದು ಗಂಟೆ ಕೆಲ್ಸ" ಅಂತ ನನ್ನ ತಲೆಗೆ ಕಟ್ಟಿದ್ಲು. ಇವತ್ತಿಗೆ ನಾಲ್ಕನೇ ದಿನ. ಮೊದಲನೇ ಸಾಲು ದಾಟಿಲ್ಲ.

ಅವಳು ಮಂಗಳೂರಲ್ಲಿ ಡಿಗ್ರಿ ಮೊದಲನೇ ವರ್ಷ, ಹಾಸ್ಟೆಲಲ್ಲಿದ್ದಾಳೆ. ಕಾಲೇಜಿನ ರಾಜ್ಯೋತ್ಸವಕ್ಕೆ ರೂಮಿನ ಹುಡುಗೀರೆಲ್ಲ ಸೇರಿ ಬಿಟಿಎಸ್ ಅನ್ನೋ ಕೊರಿಯಾದ ಏಳು ಹುಡುಗರ ತಂಡದ ಈ ಹಾಡು ಹಾಡ್ತಾರಂತೆ. ರಾಜ್ಯೋತ್ಸವಕ್ಕೆ ಕೊರಿಯನ್ ಹಾಡು! "ಇದ್ರಲ್ಲಿ ಕನ್ನಡ ಎಲ್ಲಿದೆ" ಅಂತ ಮೇಷ್ಟ್ರು ಕೇಳಿದ್ದಕ್ಕೆ, ಹಿಂದೆ ಪರದೆ ಮೇಲೆ ವಿಡಿಯೊ ಬಿಟ್ಟು ಕೆಳಗೆ ಕನ್ನಡ ಹಾಕ್ತೀವಿ ಸರ್ ಅಂತ ಒಪ್ಪಿಸಿ ಬಂದಿದ್ದಾರೆ. ಆ ಕನ್ನಡ ಬರೀಬೇಕಾದವಳು ನಾನು. ಹಾಡು 2017ರ ಫೆಬ್ರವರಿ 13ರದ್ದಂತೆ. ನಂಗೆ ಮಾತ್ರ ಹೊಚ್ಚ ಹೊಸದು.

ಮೊದಲನೇ ಸಾಲಿಗೆ ಇಂಗ್ಲಿಷ್‌ನಲ್ಲಿ 'ಐ ಮಿಸ್ ಯೂ' ಅಂತ ಬರುತ್ತೆ. ಈ ಮಿಸ್ಸಿಗೆ ಕನ್ನಡದಲ್ಲಿ ಏನು ಹಾಕ್ಲಿ?

'ನಿನ್ನ ಮಿಸ್ ಮಾಡ್ಕೋತಿದೀನಿ' ಅಂತ ಹಾಕಬಹುದು. ನಾವೆಲ್ಲ ಹಂಗೇ ಮಾತಾಡೋದು. ಆದ್ರೆ ಕನ್ನಡ ಎಲ್ಲಿದೆ ಅಂತ ಕೇಳಿದ ಮೇಷ್ಟ್ರ ಎದುರು ಮೊದಲನೇ ಸಾಲಲ್ಲೇ ಮಿಸ್ಸು ಬಂದ್ರೆ ಮುಗೀತು.

'ನಿನ್ನ ಅಗಲಿಕೆ ಕಾಡುತಿದೆ' ಅಂತ ಟೈಪ್ ಮಾಡಿ ನೋಡಿದೆ. ಅಯ್ಯೋ. ನಮ್ಮಂಥೋರಿಗೆ 'ಅಗಲಿಕೆ' ಅಂತ ಟೈಪ್ ಮಾಡ್ತಿದ್ದ ಹಾಗೆ ಕೈ ತಾನಾಗೇ ದೀಪದ ಚಿತ್ರ ಹುಡುಕೋಕೆ ಹೋಗುತ್ತೆ. ತಿಂಗಳಿಗೆ ಇಪ್ಪತ್ತು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡೋಳು ನಾನು. ಅಗಲಿಕೆ, ಚಿರಶಾಂತಿ, ಮತ್ತೆ ಹುಟ್ಟಿ ಬನ್ನಿ, ಇವೆಲ್ಲ ನನ್ನ ಕಂಪ್ಯೂಟರಲ್ಲಿ ರೆಡಿ ಫೈಲ್. ಹೆಸರು, ಫೋಟೊ ಬದಲಾಯಿಸಿದ್ರೆ ಆಯ್ತು. ಈ ಹಾಡಿಗೆ ಆ ಫೈಲಿಂದ ತೆಗೆದು ಹಾಕೋಕೆ ಮನಸ್ಸು ಬರ್ತಿಲ್ಲ.

'ನಿನ್ನ ನೆನಪಾಗುತ್ತಿದೆ' ಹತ್ತಿರ ಬರುತ್ತೆ. ಆದ್ರೆ ನೆನಪು ಅನ್ನೋದು ಗ್ಯಾಸ್ ಆರಿಸಿ ಬಂದ್ನಾ ಅಂತಲೂ ಆಗುತ್ತೆ.

ಇನ್ನೊಂದು ಪ್ರಶ್ನೆ ವಿಡಿಯೊ ಬಗ್ಗೆ. ಹಿಮ ಬಿದ್ದ ಒಂದು ಸಣ್ಣ ರೈಲ್ವೆ ಸ್ಟೇಷನ್. ಒಬ್ಬ ಹುಡುಗ ಹಳಿಗೆ ಕಿವಿ ಇಟ್ಟು ಕೇಳ್ತಾನೆ. ಆಮೇಲೆ 'ಒಮೆಲಾಸ್' ಅಂತ ಬೋರ್ಡಿರೋ ಲಾಡ್ಜು, ಒಳಗೆ ಪಾರ್ಟಿ. ಬಟ್ಟೆ ಒಗೆಯೋ ಮೆಷಿನ್‌ಗಳ ಅಂಗಡಿ. ಗುಡ್ಡದ ಹಾಗೆ ಬಟ್ಟೆ ರಾಶಿ, ಅದರ ಮೇಲೆ ಒಬ್ಬ ಕೂತಿದ್ದಾನೆ. ಜಾತ್ರೇಲಿ ಬರೋ ತಿರುಗೋ ಕುದುರೆ, ಅದಕ್ಕೆ ಹಳದಿ ರಿಬ್ಬನ್ನು. ಸಮುದ್ರದ ದಡದಲ್ಲಿ ಒಬ್ಬ ಒಂದು ಜೊತೆ ಶೂ ಹಿಡ್ಕೊಂಡು ನಿಂತಿರ್ತಾನೆ, ಕೊನೇಲಿ ಅದನ್ನ ಬೋಳು ಮರಕ್ಕೆ ನೇತುಹಾಕ್ತಾರೆ. ಒಂದಕ್ಕೊಂದು ಏನು ಸಂಬಂಧ?

ಯಾಕೆ ಕೇಳ್ತಿದೀನಿ ಅಂದ್ರೆ, ಮೊನ್ನೆ ಅಂಗಡೀಲಿ ವಾಲ್ಯೂಮ್ ಇಲ್ದೆ ಇದನ್ನ ಓಡಿಸ್ಕೊಂಡು ಕೂತಿದ್ದೆ. ಹಿಂದೆ ಒಬ್ರು ಬಂದು ನಿಂತಿದ್ದು ಗೊತ್ತಾಗ್ಲಿಲ್ಲ. ತಮ್ಮನ ವೈಕುಂಠ ಸಮಾರಾಧನೆ ಕಾರ್ಡಿಗೆ ಬಂದಿದ್ದೋರು. ಪೂರ್ತಿ ನೋಡಿದ್ರು. ಮುಗಿದ ಮೇಲೆ "ಇದ್ರಲ್ಲಿ ಹೋಗಿದ್ದು ಯಾರು?" ಅಂದ್ರು. ಯಾರೂ ಇಲ್ಲ ಸರ್, ಹಾಡು ಇದು ಅಂದೆ. "ಮತ್ತೆ ಆ ಶೂ ಯಾರ್ದು?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಗೊತ್ತಿರೋರು ಹೇಳಿ.

ಸುವಾನ್_ವಾಸಿ

ಅಕ್ಕ, ನಾನು ಮಂಡ್ಯದ ಕಡೆಯವನು. ಆರು ವರ್ಷದಿಂದ ಕೊರಿಯಾದ ಸುವಾನಲ್ಲಿದ್ದೀನಿ. ಮೊದಲು ಒಂದು ಕೆಲಸ ಮಾಡಿ: ಇಂಗ್ಲಿಷ್ ಸಬ್‌ಟೈಟಲ್ ಮುಚ್ಚಿಡಿ. ಕೊರಿಯನ್‌ನಿಂದ ಕನ್ನಡಕ್ಕೆ ನೇರ ದಾರಿ ಇದೆ. ನೀವು ಇಂಗ್ಲಿಷ್ ಮೇಲೆ ಹಾದು ಬಂದು ಸುಸ್ತಾಗಿದ್ದೀರಿ.

ಹಾಡು ಶುರುವಾಗೋದು 'ಬೊಗೊ ಶಿಪ್ತಾ' ಅಂತ. 'ಬೊದಾ' ಅಂದ್ರೆ ನೋಡೋದು. 'ಶಿಪ್ತಾ' ಅಂದ್ರೆ ಬೇಕು ಅನ್ನಿಸೋದು. ಅಷ್ಟೇ. ನೋಡಬೇಕು ಅನ್ನಿಸ್ತಿದೆ. ಯಾರಿಗೆ ಅಂತಿಲ್ಲ, ಯಾರನ್ನ ಅಂತಿಲ್ಲ. ಇಂಗ್ಲಿಷಿಗೆ 'ಐ' ಬೇಕು, 'ಯೂ' ಬೇಕು, ಅವಿಲ್ದೆ ವಾಕ್ಯ ನಿಲ್ಲಲ್ಲ. ಕೊರಿಯನ್‌ಗೂ ನಮಗೂ ಬೇಡ. ನಮ್ಮವ್ವ ವಾರಕ್ಕೊಂದು ಸಲ ಫೋನ್ ಮಾಡ್ತಾರೆ. ರಾಗಿ ಕಟಾವು, ಯಾರ ಮನೆ ಮದುವೆ, ಎಲ್ಲ ಹೇಳಿ ಇಡೋ ಮುಂಚೆ ಒಂದೇ ಮಾತು: "ನೋಡ್ಬೇಕು ಅನ್ನುಸ್ತದೆ ಕಲಾ." ಇಲ್ಲಿ ವಿದೇಶಿಯರಿಗೆ ನಡೆಸೋ ಭಾಷಾ ಕ್ಲಾಸಲ್ಲಿ ಟೀಚರ್ ಬೋರ್ಡ್ ಮೇಲೆ ಬೊಗೊ ಶಿಪ್ತಾ ಬಿಡಿಸಿ ಬರೆದಾಗ ನಂಗೆ ಮೊದಲು ಕೇಳಿಸಿದ್ದು ಅವ್ವನ ಧ್ವನಿ. ಪಕ್ಕದಲ್ಲಿದ್ದೋರೆಲ್ಲ ಡಿಕ್ಷನರಿ ತೆಗೀತಿದ್ರು.

ಸ್ವಲ್ಪ ಮುಂದಿನ ಸಾಲು ನೋಡಿ. ಫೋಟೊ ನೋಡ್ತಾ ಇದ್ರೂ ನೋಡಬೇಕು ಅನ್ನಿಸುತ್ತೆ ಅಂತ ಅರ್ಥ. ಕೊರಿಯನ್‌ನಲ್ಲಿ ಎರಡು ಕಡೆನೂ ಅದೇ 'ಬೊದಾ'. ಇಂಗ್ಲಿಷಲ್ಲಿ ಒಂದು 'ಲುಕ್' ಆಗುತ್ತೆ, ಇನ್ನೊಂದು 'ಮಿಸ್' ಆಗುತ್ತೆ, ಆಟ ಕೆಟ್ಟುಹೋಗುತ್ತೆ. ಕನ್ನಡದಲ್ಲಿ ಎರಡೂ 'ನೋಡು'. ನೀವೇನೂ ಮಾಡಬೇಕಾಗಿಲ್ಲ, ಅದೇ ಬಂದು ಕೂತ್ಕೊಳ್ಳುತ್ತೆ. ಇನ್ನೊಂದು, ಸ್ಪ್ರಿಂಗಿಗೆ ಕೊರಿಯನ್‌ನಲ್ಲಿ 'ಬೊಮ್'. ಬೊದಾಗೆ ಬಾಲ ಕತ್ತರಿಸಿ 'ನೋಡುವಿಕೆ' ಅಂತ ಮಾಡಿದ್ರೂ 'ಬೊಮ್'. ಬರೆದವರು ಇದನ್ನ ಯೋಚಿಸಿಯೇ ಬರೆದ್ರು ಅಂತ ನಾನು ಹೇಳಲ್ಲ, ಆದ್ರೆ ಹಾಡು ಕೇಳ್ತಾ ಇದ್ರೆ ಕಿವಿಗೆ ತಾಗುತ್ತೆ.

ಈಗ ಒಂದು ತೊಡಕು ಹೇಳ್ತೀನಿ. ಆ ಫೋಟೊ ಸಾಲಲ್ಲಿ 'ನಿನ್ನ ಫೋಟೊ' ಅಂತಿಲ್ಲ. 'ನೊಹಿ' ಅಂತಿದೆ. ಬಹುವಚನ. ಸ್ನೇಹಿತರನ್ನ, ಕಿರಿಯರನ್ನ ಒಟ್ಟಾಗಿ ಕರೆಯೋ ಪದ. ಇಂಗ್ಲಿಷ್ 'ಯೂ' ಒಬ್ಬರಿಗೂ ಅದೇ, ಹತ್ತು ಜನಕ್ಕೂ ಅದೇ, ಹಾಗಾಗಿ ಹೊರಗಿನ ಎಷ್ಟೋ ಜನ ಇದನ್ನ ಹುಡುಗ ಹುಡುಗಿ ಬೇರೆಯಾದ ಹಾಡು ಅಂದ್ಕೊಂಡಿದ್ದಾರೆ. ಅಲ್ಲ. ಕಳೆದುಹೋಗಿರೋರು ಒಬ್ಬರಿಗಿಂತ ಹೆಚ್ಚು.

ನಿಮ್ಮ ಅಂಗಡಿಗೆ ಬಂದವರ ಪ್ರಶ್ನೆಗೂ ಇಲ್ಲಿಂದಲೇ ಉತ್ತರ ಶುರುವಾಗುತ್ತೆ.

2014ರ ಏಪ್ರಿಲ್ 15ರ ರಾತ್ರಿ ಇಂಚನ್‌ನಿಂದ ಜೇಜು ದ್ವೀಪಕ್ಕೆ ಸೆವೊಲ್ ಅನ್ನೋ ಹಡಗು ಹೊರಟಿತ್ತು. ಅದರಲ್ಲಿ 476 ಜನ. ಬಹುಪಾಲು ಆನ್ಸಾನ್ ಊರಿನ ದಾನ್ವೊನ್ ಹೈಸ್ಕೂಲಿನ ಮಕ್ಕಳು, ಶಾಲಾ ಪ್ರವಾಸ. ಮರುದಿನ ಬೆಳಿಗ್ಗೆ ಹಡಗು ವಾಲೋಕೆ ಶುರುವಾದಾಗ ಮೈಕಲ್ಲಿ ಬಂದ ಸೂಚನೆ ಒಂದೇ: ಇದ್ದಲ್ಲೇ ಇರಿ, ಅಲುಗಾಡಬೇಡಿ. ಮಕ್ಕಳು ಹೇಳಿದ ಮಾತು ಕೇಳಿದ್ರು. ಕ್ಯಾಪ್ಟನ್ ಮಾತ್ರ ಹೊರಗೆ ಬಂದಿದ್ದ. 304 ಜನ ಸತ್ತರು, ಅದರಲ್ಲಿ 250 ಮಕ್ಕಳು. ದಕ್ಷಿಣದ ಜಿಂದೊ ದ್ವೀಪದ ಪ್ಯಾಂಗ್‌ಮೋಕ್ ಬಂದರಲ್ಲಿ ಅಪ್ಪ ಅಮ್ಮಂದಿರು ಕಾದು ಕೂತರು. ಬೇಲಿಗೆ ಹಳದಿ ರಿಬ್ಬನ್ ಕಟ್ಟಿದರು. ವಾಪಸ್ ಬನ್ನಿ ಅನ್ನೋದಕ್ಕೆ. ಈಗಲೂ ಇಲ್ಲಿ ಬಸ್ಸಲ್ಲಿ, ಮೆಟ್ರೊದಲ್ಲಿ ಕಾಲೇಜು ಮಕ್ಕಳ ಬ್ಯಾಗಿಗೆ ಬೆರಳುಗುರಿನಷ್ಟು ಹಳದಿ ರಿಬ್ಬನ್ ತೂಗಾಡ್ತಿರೋದು ಕಾಣಿಸುತ್ತೆ.

ಹಾಡು ಬಂದ ದಿನ ನೆನಪಿಡಿ, 2017ರ ಫೆಬ್ರವರಿ 13. ಆಗ ಸೆವೊಲ್ ಇನ್ನೂ ಸಮುದ್ರದ ತಳದಲ್ಲೇ ಇತ್ತು. ಒಂಬತ್ತು ಜನ ಸಿಕ್ಕಿರಲೇ ಇಲ್ಲ. ಮಾರ್ಚ್ 10ಕ್ಕೆ ಅಧ್ಯಕ್ಷೆ ಪಾರ್ಕ್ ಗುನ್‌ಹೇ ಅವರನ್ನ ನ್ಯಾಯಾಲಯ ಕೆಳಗಿಳಿಸಿತು, ಮಾರ್ಚ್ 23ಕ್ಕೆ ಹಡಗು ನೀರಿನ ಮೇಲೆ ಕಾಣಿಸಿಕೊಂಡಿತು. ತುಕ್ಕು ಹಿಡಿದು ಒಂದು ಮಗ್ಗುಲಿಗೆ ಮಲಗಿದ ಹಾಗಿತ್ತು. ಅದಕ್ಕೂ ಮುಂಚೆ, ಸೆವೊಲ್ ಬಗ್ಗೆ ದನಿ ಎತ್ತಿದ್ದ ಕಲಾವಿದರ ಹೆಸರೆಲ್ಲ ಇದ್ದ ಸರ್ಕಾರದ ಕಪ್ಪುಪಟ್ಟಿ 2016ರಲ್ಲಿ ಬಯಲಾಗಿತ್ತು. ಸಾವಿರಾರು ಹೆಸರು. ಅಂಥ ಹೊತ್ತಲ್ಲಿ ಯಾರೂ ಹಡಗಿನ ಚಿತ್ರ ಹಾಕಿ ವಿಡಿಯೊ ಮಾಡಲ್ಲ. ರಿಬ್ಬನ್ ಕಟ್ತಾರೆ, ಶೂ ನೇತುಹಾಕ್ತಾರೆ.

ವಿಡಿಯೊದ ಸ್ಟೇಷನ್ನು ಇಲ್‌ಯೊಂಗ್, ರಾಜಧಾನಿ ಸೋಲ್ ಪಕ್ಕದ ಯಾಂಗ್ಜು ಊರಿನದ್ದು. ಅಲ್ಲಿ ಪ್ರಯಾಣಿಕರ ರೈಲು 2004ರಲ್ಲೇ ನಿಂತಿತ್ತು. ಅಂದ್ರೆ ಆ ಹುಡುಗ ಕಿವಿ ಇಟ್ಟು ಕೇಳ್ತಿರೋದು ಹದಿಮೂರು ವರ್ಷದಿಂದ ಪ್ರಯಾಣಿಕರ ರೈಲೇ ಬರದ ಪ್ಲಾಟ್‌ಫಾರ್ಮ್ ಎದುರಿನ ಹಳಿ. 2025ರ ಜನವರಿ 11ರಿಂದ ಆ ಮಾರ್ಗದಲ್ಲಿ ಮತ್ತೆ ರೈಲು ಬಿಟ್ಟಿದ್ದಾರೆ. ಫೆಬ್ರವರೀಲಿ ಒಂದು ಭಾನುವಾರ ನಾನೂ ಹೋಗಿದ್ದೆ, 2,600 ವಾನ್ ಟಿಕೆಟ್ಟು. ಡೀಸೆಲ್ ಇಂಜಿನ್ನು, ನಮ್ಮ ಪ್ಯಾಸೆಂಜರ್ ಗಾಡಿ ಥರ ನಿಧಾನ. ಇಳಿದವರಲ್ಲಿ ಅರ್ಧ ಜನ ಫೋಟೊಕ್ಕೇ ಬಂದವರು. ಒಬ್ಬಳು ಹುಡುಗಿ ಪ್ಲಾಟ್‌ಫಾರ್ಮ್ ತುದೀಲಿ ಮಂಡಿಯೂರಿ ತಲೆ ವಾಲಿಸಿ ಕಿವಿಗೆ ಕೈ ಇಟ್ಕೊಂಡ್ಳು. ಹಳಿಗೆ ಇಳಿಯೋ ಹಾಗಿಲ್ಲ ಈಗ, ನಿಜವಾಗ್ಲೂ ರೈಲು ಬರುತ್ತಲ್ಲ.

ಆನ್ಸಾನ್‌ಗೂ ಹೋಗಿದ್ದೆ. ಸುವಾನಿಂದ ಒಂದೇ ರೈಲು, ಗೋಜಾನ್ ಸ್ಟೇಷನ್ನಲ್ಲಿ ಇಳಿದ್ರೆ ಆಯ್ತು. ಆ ಮಕ್ಕಳ ಹತ್ತು ಕ್ಲಾಸ್‌ರೂಮನ್ನ ಶಾಲೆಯಿಂದ ತೆಗೆದು ಬೇರೆ ಕಟ್ಟಡಕ್ಕೆ ತಂದು ಇದ್ದ ಹಾಗೇ ಜೋಡಿಸಿದ್ದಾರೆ. ಒಂದೊಂದು ಡೆಸ್ಕಿನ ಮೇಲೂ ಹೆಸರು, ಫೋಟೊ, ಹೂವು. ಒಂದು ಡೆಸ್ಕಿನ ಮೇಲೆ ಯಾರೋ ಚಾಕೊಲೇಟ್ ಪೈ ಇಟ್ಟಿದ್ರು. ಕವರ್ ಮೇಲೆ ಎಕ್ಸ್‌ಪೈರಿ ಡೇಟ್ ನೋಡ್ದೆ, ಮುಂದಿನ ತಿಂಗಳದ್ದು. ಅಂದ್ರೆ ಹಳೇದು ತೆಗೆದು ಹೊಸದು ಇಡ್ತಿದ್ದಾರೆ, ಇವತ್ತಿಗೂ.

ಶೂ ಯಾರದ್ದು ಅನ್ನೋದಕ್ಕೆ ನನ್ನ ಹತ್ರ ಇರೋದು ಇಷ್ಟೇ ಅಕ್ಕ.

ಸಂಶಯರಾಯ

ಸುವಾನ್ ಅವರ ಬರಹ ಚೆನ್ನಾಗಿದೆ, ಒಪ್ಪಿದೆ. ಆದರೂ ಒಂದು ತಕರಾರು ದಾಖಲಿಸುತ್ತೇನೆ.

ಈ ಹಾಡು ಬರೆದವರ ಪಟ್ಟಿಯಲ್ಲಿ ಆ ತಂಡದ ಆರ್‌ಎಂ, ಶುಗಾ ಇಬ್ಬರೂ ಇದ್ದಾರೆ. ದೂರವಾದ ತಮ್ಮ ತಮ್ಮ ಗೆಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಎಂದೇ ಮೊದಲು ಬಂದ ಮಾತು. ಹಾಡು ಬಿಡುಗಡೆಯಾದಾಗ ಸೆವೊಲ್ ಹೆಸರನ್ನು ತಂಡದ ಕಂಪನಿ ಎತ್ತಿರಲಿಲ್ಲ. ಅಭಿಮಾನಿಗಳು ವಿಡಿಯೊ ನಿಲ್ಲಿಸಿ ನಿಲ್ಲಿಸಿ ಗಡಿಯಾರದ ಮುಳ್ಳು ಎಷ್ಟರ ಮೇಲಿದೆ, ಬಟ್ಟೆ ರಾಶಿಯಲ್ಲಿ ಎಷ್ಟು ಬಣ್ಣ ಅಂತ ಎಣಿಸುತ್ತಾರೆ. ಹಾಗೆ ಎಣಿಸಿದರೆ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲೂ ಗೂಢಾರ್ಥ ಸಿಗುತ್ತದೆ.

ಇನ್ನು ಆ 'ಒಮೆಲಾಸ್'. ಅದು ಉರ್ಸುಲಾ ಲೆ ಗ್ವಿನ್ 1973ರಲ್ಲಿ ಬರೆದ ಸಣ್ಣಕತೆಯ ಊರು. ಇಡೀ ಊರು ಸುಖವಾಗಿದೆ, ಆದರೆ ಆ ಸುಖ ನಿಲ್ಲಬೇಕಾದರೆ ನೆಲಮಾಳಿಗೆಯ ಕತ್ತಲಲ್ಲಿ ಒಂದು ಮಗು ನರಳುತ್ತಲೇ ಇರಬೇಕು. ಊರವರಿಗೆಲ್ಲ ಗೊತ್ತು. ಬಹಳ ಜನ ಸಹಿಸಿಕೊಂಡು ಇರುತ್ತಾರೆ, ಕೆಲವರು ಮಾತ್ರ ಊರು ಬಿಟ್ಟು ನಡೆದುಬಿಡುತ್ತಾರೆ. ಇದು ಸತ್ತವರ ಕತೆಯಲ್ಲ. ಗೊತ್ತಿದ್ದೂ ಸುಮ್ಮನಿರುವವರ ಕತೆ. ದುಃಖದ ಹಾಡಿಗೆ ಇದನ್ನು ಯಾಕೆ ಅಂಟಿಸಿದರು? ನನಗೆ ಕಾಣುವುದು ಇಷ್ಟು: ಓದಿಕೊಂಡ ಹುಡುಗರು, ಓದಿಕೊಂಡ ನಿರ್ದೇಶಕ, ಚಂದ ಕಂಡದ್ದನ್ನೆಲ್ಲ ತಂದು ಗುಡ್ಡೆ ಹಾಕಿದ್ದಾರೆ.

ಕುಡ್ಲದ_ಪೊಣ್ಣು

ಸಂಶಯರಾಯರೇ, ನೀವೇ ಉತ್ತರ ಹೇಳಿ ನೀವೇ ಪ್ರಶ್ನೆ ಕೇಳ್ತೀರಲ್ಲ ಮಾರಾಯ್ರೆ. ಗೊತ್ತಿದ್ದೂ ಸುಮ್ಮನಿದ್ದೋರ ಕತೆ ಅಂತ ನೀವೇ ಹೇಳಿದ್ದು. ಮಕ್ಕಳಿಗೆ ಅಲುಗಾಡ್ಬೇಡಿ ಅಂತ ಹೇಳಿ ಹೊರಗೆ ಹೋದದ್ದು, ಆಮೇಲೆ ಮಾತಾಡಿದೋರ ಹೆಸರು ಪಟ್ಟಿ ಮಾಡಿದ್ದು, ಅದೆಂತ ಹಾಗಾದ್ರೆ? ವಿಡಿಯೊದಲ್ಲಿ ಪಾರ್ಟಿ ನಡೆಯೋದು ಒಮೆಲಾಸ್ ಒಳಗೆ. ಕೊನೆಗೆ ಏಳೂ ಜನ ಅಲ್ಲಿಂದ ಹೊರಗೆ, ರೈಲು ಹತ್ತಿ ಬಂದು ಬಯಲಲ್ಲಿ ಇಳೀತಾರೆ. ಊರು ಬಿಟ್ಟು ನಡೆದವರು. ಗುಡ್ಡೆ ಹಾಕಿದ್ದಲ್ಲ, ಜೋಡಿಸಿದ್ದು. ನಿರ್ದೇಶಕರು ಲುಂಪೆನ್ಸ್ ತಂಡದ ಚೊಯ್ ಯೊಂಗ್‌ಸೊಕ್, ಬಿಟಿಎಸ್‌ನ ತುಂಬ ವಿಡಿಯೊ ಮಾಡಿದವರು ಅವರೇ.

ಮತ್ತೆ ಕಂಪನಿ ಬಾಯಿ ಬಿಡ್ಲಿಲ್ಲ ಅಂತ ಹೇಳಿದ್ರಿ. ಸರಿ. ಆದ್ರೆ ಹಾಡು ಬರುವ ಮುಂಚಿನ ತಿಂಗಳು, 2017ರ ಜನವರಿಯಲ್ಲಿ, ಹುಡುಗರೂ ಕಂಪನಿಯೂ ಸೇರಿ ಸೆವೊಲ್ ಕುಟುಂಬಗಳ ಸಂಘಕ್ಕೆ 10 ಕೋಟಿ ವಾನ್ ಕೊಟ್ಟದ್ದು ಪೇಪರಲ್ಲಿ ಬಂದುಂಟು. 2020ರಲ್ಲಿ ಒಂದು ಅಮೆರಿಕನ್ ಪತ್ರಿಕೆಯವರು ನೇರ ಕೇಳಿದಾಗ ತಂಡದ ಜಿನ್ ಹೇಳಿದ್ದು, ನೀವು ಹೇಳಿದ ದುಃಖದ ಘಟನೆಯ ಬಗ್ಗೆ ಹೌದು, ಹಂಬಲದ ಬಗ್ಗೆಯೂ ಹೌದು ಅಂತ. ಗೆಳೆಯನ ಬಗ್ಗೆಯೂ ಆಗ್ಬಹುದು, ಆ ಮಕ್ಕಳ ಬಗ್ಗೆಯೂ ಆಗ್ಬಹುದು. ಒಂದೇ ಆಗ್ಬೇಕು ಅಂತ ಎಲ್ಲಿ ಉಂಟು?

ಗಡಿಯಾರ ಎಣಿಸುವವರ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಕರೆಕ್ಟ್. ನಂಗೂ ತಲೆ ಕೆಡ್ತದೆ.

ಡಿಟಿಪಿ ಅಕ್ಕ, ಒಂದು ವಿಷಯ. ಹಾಡಿನಲ್ಲಿ ಒಂಟಿ ರೈಲಿನ ಸಾಲು ಬರ್ತದೆ, ಇಂಗ್ಲಿಷಲ್ಲಿ 'ಸ್ನೋಪಿಯರ್ಸರ್' ಅಂತ ಇರ್ತದೆ. ಅದು ಬೊಂಗ್ ಜೂನ್‌ಹೊ ಅವರ 2013ರ ಸಿನಿಮಾ ಹೆಸರು, ಹೆಪ್ಪುಗಟ್ಟಿದ ಭೂಮಿಯನ್ನು ನಿಲ್ಲದೆ ಸುತ್ತುವ ರೈಲಿನ ಕತೆ. ಕೊರಿಯನ್ ಹೆಸರನ್ನು ಬಿಡಿಸಿದ್ರೆ ಹಿಮ, ದೇಶ, ರೈಲು. 'ಹಿಮದೇಶದ ರೈಲು' ಅಂತ ಹಾಕಿ, ಕಾಲೇಜಲ್ಲಿ ಎಲ್ಲರಿಗೂ ಗೊತ್ತಾಗ್ತದೆ. ಮತ್ತೆ ಹುಡುಗೀರು ಸ್ಟೇಜಿಗೆ ಸಮುದ್ರದ ಬದಿಯ ಬಸ್‌ಸ್ಟಾಪ್ ಮಾಡಿಸ್ಲಿಕ್ಕೆ ಹೊರಟ್ರೆ ತಡೀರಿ, ಸುಮಾರು ಜನಕ್ಕೆ ಕನ್‌ಫ್ಯೂಸ್ ಆಗ್ತದೆ. ಗಂಗ್ನಂಗ್ ಹತ್ತಿರ ಜುಮುಂಜಿನ್ ಬೀಚಿನ ಆ ಬಸ್‌ಸ್ಟಾಪ್ ಆಲ್ಬಮ್ ಫೋಟೊಕ್ಕೆ ಕಟ್ಟಿದ್ದು, ವಿಡಿಯೊದ್ದಲ್ಲ. ಶೂಟಿಂಗ್ ಮುಗಿದ್ಮೇಲೆ ಕಿತ್ತಿದ್ರು, ನೋಡ್ಲಿಕ್ಕೆ ಬರುವವರು ಜಾಸ್ತಿಯಾಗಿ ಊರಿನ ಆಡಳಿತದವರೇ ಪುನಃ ಕಟ್ಟಿದ್ರು.

ನಮ್ಮ ಮಂಗಳೂರು ಕನ್ನಡದಲ್ಲಿ 'ನೋಡ್ಬೇಕು ಅಂತ ಆಗ್ತದೆ' ಅಂತ ಹೇಳ್ತೇವೆ. ಅನ್ನಿಸೋದಕ್ಕಿಂತ 'ಆಗ್ತದೆ' ಇನ್ನೂ ಜೋರು. ಜ್ವರ ಆಗ್ತದೆ, ಹಸಿವು ಆಗ್ತದೆ ಅನ್ನುವ ಹಾಗೆ.

ಹುಬ್ಬಳ್ಳಿ_ಮಂದಿ

ಅಕ್ಕಾರ, ನಮ್ಮ ಕಡೆ 'ನೋಡಬೇಕನಸಾಕತ್ತೈತಿ' ಅಂತೀವ್ರಿ. ಇಷ್ಟುದ್ದ ಶಬ್ದ ಓದಿ ಮುಗ್ಸೂದ್ರಾಗ ಹಾಡಿನ ಅರ್ಧ ಮುಗದಿರ್ತೈತಿ, ಅದಕ್ಕ ಬ್ಯಾಡ ಬಿಡ್ರಿ.

ಇನ್ನೊಂದ್ ಮಾತ ಕೇಳೂದಿತ್ರಿ. ಕೊರಿಯಾದಾಗ ಅಪ್ಪಗ ಅಪ್ಪಾ ಅಂತಾರ, ಅವ್ವಗ ಒಮ್ಮಾ ಅಂತಾರ. ಮಾತಿನ ಕಟ್ಟೂ ನಮ್ದs. ಅವರು ನಮ್ಮ ಮಂದೀನs ಇರಬೇಕಲ್ರಿ? ನನ್ನ ಮಗಾ ಇದನ್ನ ಹೇಳಿ ಹೇಳಿ ನಂಗೂ ನಂಬಿಕಿ ಬಂದೈತಿ.

ಸುವಾನ್_ವಾಸಿ

ಹುಬ್ಬಳ್ಳಿ ಸರ್, ಆ ಆಸೆ ಹಳೇದು. ಹೋಮರ್ ಹಲ್ಬರ್ಟ್ ಅಂತ ಕೊರಿಯಾದಲ್ಲಿದ್ದ ಅಮೆರಿಕನ್ ಮಿಷನರಿ ನೂರು ವರ್ಷಕ್ಕೂ ಹಿಂದೆಯೇ ಕೊರಿಯನ್‌ಗೂ ದ್ರಾವಿಡ ಭಾಷೆಗಳಿಗೂ ನಂಟಿದೆ ಅಂತ ಪುಸ್ತಕವನ್ನೇ ಬರೆದ್ರು. ಭಾಷಾವಿಜ್ಞಾನಿಗಳು ಒಪ್ಪಿಲ್ಲ. ಅಪ್ಪ ಅಮ್ಮ ಅನ್ನೋ ಸದ್ದು ಕೂಸುಗಳ ಬಾಯಿಗೆ ಮೊದಲು ಬರೋದು, ಎಲ್ಲಾ ಕಡೆ ಸಿಗುತ್ತೆ. ಕ್ರಿಯಾಪದ ಕೊನೇಲಿ ಬರೋದು ಜಪಾನಿ, ಟರ್ಕಿಶ್‌ನಲ್ಲೂ ಇದೆ. ನೆಂಟರಲ್ಲ, ಆದ್ರೆ ಪಕ್ಕದ ಮನೆಯವರ ಥರ ಮಾತು ಅರ್ಥ ಆಗುತ್ತೆ.

ಸಂಶಯರಾಯರಿಗೆ: ಬಟ್ಟೆ ರಾಶಿಯ ಬಣ್ಣ ನಾನೂ ಎಣಿಸಲ್ಲ. ಆದ್ರೆ ಕ್ರಿಶ್ಚಿಯನ್ ಬೊಲ್ಟಾನ್ಸ್ಕಿ ಅಂತ ಫ್ರೆಂಚ್ ಕಲಾವಿದರು ಹೀಗೇ ಹಳೇ ಬಟ್ಟೆಯ ಗುಡ್ಡ ಪೇರಿಸಿ, ಇಲ್ಲದವರನ್ನ ತೋರಿಸೋ ಕಲಾಕೃತಿ ಮಾಡ್ತಿದ್ರು. ಉಟ್ಟವರಿಲ್ಲದ ಬಟ್ಟೆ. ಅದನ್ನ ನೋಡಿದ ಮೇಲೆ ಈ ದೃಶ್ಯ ನೋಡಿದ್ರೆ ಬೇರೆ ಥರ ಕಾಣುತ್ತೆ.

ಸಂಶಯರಾಯ

ಜನವರಿಯ ದೇಣಿಗೆ ವಿಷಯ ನನಗೆ ಗೊತ್ತಿರಲಿಲ್ಲ. ಕುಡ್ಲದ ತಂಗಿ ಹೇಳಿದ ಮೇಲೆ ವಿಡಿಯೊ ಮತ್ತೊಮ್ಮೆ ನೋಡಿದೆ. ಒಮೆಲಾಸ್ ಬಗ್ಗೆ ನಾನು ಹೇಳಿದ ಮಾತು ವಾಪಸ್. ಗಡಿಯಾರದ್ದು ಹಾಗೇ ಇರಲಿ.

ಡಿಟಿಪಿ_ಅಕ್ಕ, ಸಾಗರ

ಎಲ್ರಿಗೂ ಥ್ಯಾಂಕ್ಸ್. ಎರಡು ದಿನ ಪತ್ತೆ ಇರ್ಲಿಲ್ಲ, ಒಂದು ಸಂಘದ ಬೆಳ್ಳಿಹಬ್ಬದ ಕೆಲಸ ಬಂದಿತ್ತು.

ಸುವಾನ್ ತಮ್ಮ ಹೇಳಿದ್ದು ಓದಿ ಇಂಗ್ಲಿಷ್ ಫೈಲನ್ನ ಡಿಲೀಟೇ ಮಾಡ್ದೆ. ಮಗಳಿಗೆ ಫೋನ್ ಹಾಕಿ ಕೊರಿಯನ್ ಪದ ಒಂದೊಂದೇ ಬಿಡಿಸಿ ಹೇಳು ಅಂದೆ. ರಾತ್ರಿ ಹನ್ನೊಂದರವರೆಗೆ ಕೂತ್ವಿ. ಪದಗಳು ಬರೋ ಸಾಲಿನ ಕ್ರಮ ಹೆಚ್ಚುಕಮ್ಮಿ ನಮ್ದೇ, ಹಿಂದುಮುಂದು ಮಾಡೋ ಕೆಲಸ ಇಲ್ಲ. ಮೊದಲನೇ ಸಾಲು 'ನೋಡಬೇಕು ಅನ್ನಿಸ್ತಿದೆ.' ನಿನ್ನ ಇಲ್ಲ, ನನಗೆ ಇಲ್ಲ. ಕುಡ್ಲದ ತಂಗಿಯ 'ಆಗ್ತದೆ' ನಂಗೆ ಬಹಳ ಹಿಡಿಸ್ತು, ಕಾಲೇಜೂ ಮಂಗಳೂರಲ್ಲೇ ಇರೋದು, ಆದ್ರೆ ಮಗಳು "ಅಮ್ಮಾ, ನಾವು ಸಾಗರದೋರು ಮಂಗಳೂರು ಕನ್ನಡ ಹಾಕಿದ್ರೆ ಆಡ್ಕೊಳ್ತಾರೆ" ಅಂತ ಬಿಟ್ಲು.

ಫೋಟೊ ಸಾಲು ಕಷ್ಟ ಆಯ್ತು. 'ನಿಮ್ಮ ಫೋಟೊ' ಅಂದ್ರೆ ಬಹುವಚನ ಅನ್ನೋ ಬದಲು ಮರ್ಯಾದೆ ಕಾಣುತ್ತೆ, ಯಾವುದೋ ಅಧಿಕಾರಿಗೆ ಅರ್ಜಿ ಬರೆದ ಹಾಗೆ. ಕೊರಿಯನ್‌ನಲ್ಲಿ ಗೆಳೆಯರಿಗೆ ಅಂತಲೇ ಬೇರೆ ಬಹುವಚನ ಇದೆ, ನಮ್ಮಲ್ಲಿ ಗೆಳೆಯರ ಗುಂಪಿಗೂ ನೀವು, ಡಿಸಿ ಸಾಹೇಬರಿಗೂ ನೀವು. 'ನಿಮ್ಮಗಳ' ಅಂತ ಹಾಕ್ದೆ, ಭಾಷಣ ಆಯ್ತು. ಕೊನೆಗೆ 'ನಿಮ್ಮೆಲ್ರ ಫೋಟೊ ನೋಡ್ತಾ ಇದ್ರೂ ನೋಡಬೇಕು ಅನ್ನಿಸ್ತಿದೆ'. ಎರಡು ಸಾಲಲ್ಲಿ ಕೂತ್ಕೊಳ್ತು. ಹಾಡು ಮುಂದಕ್ಕೆ ಹೋಗೋದರೊಳಗೆ ಓದಿ ಮುಗಿಸಬಹುದು, ಪಕ್ಕದ ಜೆರಾಕ್ಸ್ ಅಂಗಡಿ ಹುಡುಗನ್ನ ಕೂರಿಸಿ ಪರೀಕ್ಷೆ ಮಾಡಿದೀನಿ.

ಸ್ಪ್ರಿಂಗಿಗೆ 'ವಸಂತ' ಅಂತಲೇ ಹಾಕ್ದೆ, ಬೇರೆ ದಾರಿ ಕಾಣ್ಲಿಲ್ಲ. ನಮ್ಮೂರಲ್ಲಿ ಜನ ಕಾಯೋದು ಮಳೆ ಯಾವಾಗ ಬಿಡುತ್ತಪ್ಪಾ ಅಂತ. ವಸಂತ ಬಂತು ಅಂತ ಇಲ್ಲಿ ಯಾರೂ ಬಾಗಿಲು ತೆಗೆದು ನೋಡಲ್ಲ. ಚೆರ್ರಿ ಹೂ ಬಿಡೋ ಸಾಲಿನ ಹಿಂದೆಯೇ ಚಳಿಗಾಲ ಮುಗಿಯೋ ಮಾತು ಬರುತ್ತೆ, ಅದಕ್ಕೆ 'ಚಳಿ ಮುಗೀತಾ ಬಂತು' ಅಂತ ಹಾಕಿದೀನಿ. ತಪ್ಪಾದ್ರೆ ಆಗ್ಲಿ.

ಸಮಾರಾಧನೆ ಕಾರ್ಡಿನೋರು ನಿನ್ನೆ ಬಂದಿದ್ರು, 150 ಕಾರ್ಡು, ಜೊತೆಗೆ ಒಂದು ಫ್ಲೆಕ್ಸು. ಆ ಶೂ ವಿಷಯ ಗೊತ್ತಾಯ್ತು ಸರ್ ಅಂತ ಹೇಳೋಕೆ ಬಾಯಿ ತೆಗೆದೆ. ಅವರು ಪ್ರೂಫಿನ ಮೇಲೆ ತಮ್ಮನ ಫೋಟೊ ನೋಡ್ತಾ ನಿಂತಿದ್ರು. ಫೋಟೊ ಸ್ವಲ್ಪ ದೊಡ್ಡದು ಮಾಡಿ ಅಂದ್ರು. ಮಾಡ್ದೆ. ಇನ್ನೂ ಸ್ವಲ್ಪ ಅಂದ್ರು. ಕೆಳಗಿನ ಸಾಲಿಗೆ ಜಾಗ ಸಾಲಲ್ಲ ಸರ್, 'ಮತ್ತೆ ಹುಟ್ಟಿ ಬನ್ನಿ' ತೆಗೀಲಾ, ಬೇರೆ ಏನಾದ್ರೂ ಸಣ್ಣದು ಹಾಕ್ಲಾ ಅಂತ ಕೇಳಿದೆ. "ಬೇಡ, ಅದೇ ಇರ್ಲಿ. ಎಲ್ರೂ ಅದನ್ನೇ ಹಾಕ್ಸೋದಲ್ವ" ಅಂದ್ರು. ಅಕ್ಷರ ಚಿಕ್ಕದು ಮಾಡಿ ಕೂರಿಸಿದೆ. ಶೂ ವಿಷಯ ಹೇಳ್ಲಿಲ್ಲ.

ಸಬ್‌ಟೈಟಲ್ ಫೈಲ್ ಬೇಕಾದೋರು ಕೇಳಿ, ಕಳಿಸ್ತೀನಿ. ಒಂದು ಎಚ್ಚರಿಕೆ: ಅಭ್ಯಾಸಬಲದಿಂದ ಮೊದಲು ಹಳೇ ನುಡಿ ಫಾಂಟಲ್ಲೇ ಟೈಪ್ ಮಾಡಿದ್ದೆ. ಟಿವೀಲಿ ಹಾಕಿದ್ರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ ಬಂತು. ಈಗ ಯುನಿಕೋಡಿಗೆ ಬದಲಾಯಿಸಿದೀನಿ. ಆದ್ರೂ ಮಗಳ ಹಾಸ್ಟೆಲ್ಲಿನ ಲ್ಯಾಪ್‌ಟಾಪಲ್ಲಿ 'ಅನ್ನಿಸ್ತಿದೆ'ಯ ಸ್ತಿ ಒಡೆದು ಸ್ ಬೇರೆ ತಿ ಬೇರೆ ಕಾಣ್ತಿದೆಯಂತೆ. ಯಾರಿಗಾದ್ರೂ ಇದಕ್ಕೆ ಪರಿಹಾರ ಗೊತ್ತಿದ್ರೆ ಹೇಳಿ, ಕಾರ್ಯಕ್ರಮ ಶನಿವಾರ.